ತಿಕ್ಕುವವರ ಹೆಸರು

ಹೋದ ತಿಂಗಳು ಸುರಪುರದಲ್ಲಿ ನನ್ನ ನಾದಿನಿಯ ಹೊಸ ಮನೆಯ ಗೃಹಪ್ರವೇಶವಿತ್ತು. ಊಟದ ಪಂಕ್ತಿಯಲ್ಲಿ ಎಲ್ಲರ ಮುಂದೆ ಸ್ಟೀಲಿನ ತಾಟುಗಳು ಬಂದವು. ಉಳಿದವರು ನೀರು ಚಿಮುಕಿಸಿ ಒರೆಸಿಕೊಂಡರು. ನಾನು ಮಾತ್ರ ನನ್ನ ತಾಟನ್ನು ಎತ್ತಿ, ಬೋರಲು ಮಾಡಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಎದುರಿಗೆ ಕುಳಿತಿದ್ದ ನಾದಿನಿಯ ಅತ್ತೆಯ ಮುಖ ಸಣ್ಣದಾಯಿತು.

“ಯಾಕ್ರೀ ಬೀಗತಿ, ತಾಟು ಛಲೋ ತೊಳದಿಲ್ಲೇನು?”

“ಅಯ್ಯ, ಹಂಗಲ್ರಿ. ಹೆಸರು ನೋಡಾಕತ್ತಿದ್ದೆ.”

“ಹೆಸರು ಮ್ಯಾಲ ಅದಲ್ರಿ, ನಮ್ಮ ಯಜಮಾನ್ರದು. ಕಣ್ಣಿಗಿ ಹೊಡಿಯೂ ಹಂಗ ದೊಡ್ಡದಾಗಿ ಹಾಕಿಸೀವಿ.”

“ಮ್ಯಾಲಿಂದಲ್ರಿ, ಬುಡದ್ದು.”

ಆಕೆ ನನ್ನ ಗಂಡನ ಕಡೆ ನೋಡಿದರು. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದರಲ್ಲಿ ಮುಳುಗಿದ್ದರು. ಮದುವೆಯಾದಾಗಿನಿಂದ ನನ್ನ ಈ ಚಟ ನೋಡಿ ಅವರಿಗೆ ಅಭ್ಯಾಸವಾಗಿಬಿಟ್ಟಿದೆ.

ಈ ಚಟ ಹಚ್ಚಿದವಳು ನಮ್ಮ ಶಹಾಪುರದ ಬಜಾರಿನ ಒಂದು ಭಾಂಡೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಪಾತ್ರೆಗಳಿಗೆ ಹೆಸರು ಕೊರೆಯುತ್ತಿದ್ದ ಒಬ್ಬ ಮುದುಕಿ. ನಾವು ಸುರಪುರದಿಂದ ಮರಳಿದ ವಾರಕ್ಕೇ ಆಕೆ ಹೋದಳೆಂದು ಸುದ್ದಿ ಬಂತು. ತಂಗಿಯ ಊರು ಬಳಿಚಕ್ರದಲ್ಲಿ, ಚಹಾ ಕುಡಿದು ಬಸಿಯನ್ನು ಪಕ್ಕಕ್ಕಿಟ್ಟು, ಗೋಡೆಗೆ ಒರಗಿ ಕುಳಿತವಳು ಹಾಗೆಯೇ ಹೋದಳಂತೆ. ಬಸಿ ಬೋರಲಾಗಿತ್ತೋ ನೆಟ್ಟಗಿತ್ತೋ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಬಜಾರೆಲ್ಲ ಆಕೆಯನ್ನು ‘ಟಿಕ್‌ಟಿಕ್ ಆಯಿ’ ಎನ್ನುತ್ತಿತ್ತು. ಆಕೆಯ ನಿಜವಾದ ಹೆಸರು ನನಗೆ ಗೊತ್ತು. ಆದರೆ ಇಲ್ಲಿ ಬರೆಯುವುದಿಲ್ಲ. ಯಾಕೆಂದು ಓದುತ್ತ ಹೋದರೆ ನಿಮಗೇ ತಿಳಿಯುತ್ತದೆ.

ನಾನು ಯಾದಗಿರಿಯವಳು. ಅಲ್ಲಿಯ ಕಾನ್ವೆಂಟಿನಲ್ಲಿ ಹತ್ತನೆಯ ತರಗತಿಯವರೆಗೆ ಶೋಭಾ ಆಗಿದ್ದೆ. ಹಾಜರಿ ಪುಸ್ತಕದಲ್ಲಿ ಶೋಭಾ, ನೀರಿನ ಬಾಟಲಿಗೆ ಅಂಟಿಸಿದ ಪಟ್ಟಿಯ ಮೇಲೆ ಶೋಭಾ, ತಪ್ಪು ಮಾಡಿದರೆ ಸಿಸ್ಟರ್ ಕೂಗುತ್ತಿದ್ದದ್ದೂ ಶೋಭಾ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ನನ್ನ ಗಂಡ ಉಂಗುರದಿಂದ ಅದರಲ್ಲಿ ‘ಅನ್ನಪೂರ್ಣಾ’ ಎಂದು ಬರೆದರು. ನಮ್ಮ ಕಡೆ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಅನೇಕ ಮನೆಗಳಲ್ಲಿದೆ. ಹಿರಿಯರು ಸೇರಿ ಆರಿಸಿದ ಹೆಸರು, ಚೆಲುವಾಗಿಯೇ ಇತ್ತು. ನನಗಾಗ ಅನ್ನ ಬಸಿಯಲು ಸಹ ಬರುತ್ತಿರಲಿಲ್ಲ ಎಂಬುದೊಂದೇ ತೊಡಕು. ಎರಡು ದಿನ ಯಾರಾದರೂ “ಅನ್ನಪೂರ್ಣಾ” ಎಂದು ಕೂಗಿದರೆ ನಾನೂ ಆಕೆಗಾಗಿ ತಿರುಗಿ ನೋಡುತ್ತಿದ್ದೆ.

ಮದುವೆಗೆ ಮುಂಚೆ ಪಾತ್ರೆ ಕೊಳ್ಳಲು ನಮ್ಮ ಅವ್ವ ಮತ್ತು ನಾನು ಬಸ್ಸು ಹತ್ತಿ, ಭೀಮಾ ಸೇತುವೆ ದಾಟಿ ಶಹಾಪುರಕ್ಕೇ ಬಂದಿದ್ದೆವು. ಹೆಸರು ಹೇಗೆ ಹಾಕಿಸಬೇಕೆಂದು ತೋರಿಸಲು ಬೀಗರ ಮನೆಯವರು ಅಂಗಡಿಗೆ ಬರುವುದೆಂದು ಮಾತಾಗಿತ್ತು. ಎಲ್ಲ ಪಾತ್ರೆಗಳ ಮೇಲೂ ನನ್ನ ಗಂಡನ ಹೆಸರು, ಅವರ ಅಪ್ಪನ ಹೆಸರು, ಅಡ್ಡಹೆಸರು. ಅಂಗಡಿಯ ಮೆಟ್ಟಿಲ ಮೇಲೆ, ಗೋಣಿಚೀಲ ಮಡಚಿ ಹಾಕಿಕೊಂಡು, ಒಂದು ಕಾಲು ಚಾಚಿ, ಇನ್ನೊಂದು ಕಾಲಿನ ಮಂಡಿಗೆ ನೀರಿನ ಚರಗಿ ಆನಿಸಿ ಆಕೆ ಕುಳಿತಿದ್ದಳು. ಎಡಗೈಯಲ್ಲಿ ಉಳಿ, ಬಲಗೈಯಲ್ಲಿ ಹೆಬ್ಬೆರಳುದ್ದದ ಸುತ್ತಿಗೆ. ಎಡಗೈ ತುಂಬ ಹಸಿರು ಗಾಜಿನ ಬಳೆಗಳಿದ್ದವು, ಬಲಗೈಯಲ್ಲಿ ಒಂದೂ ಇರಲಿಲ್ಲ. ಕನ್ನಡಕದ ಒಂದು ಕಡ್ಡಿ ಮುರಿದು ಅಲ್ಲಿ ಕರಿದಾರ ಬಂದಿತ್ತು. ದಾರವನ್ನು ಕಿವಿಗೆ ಸುತ್ತಿಕೊಂಡಿದ್ದಳು.

ನಮ್ಮ ಮಾವನವರು ಚೀಟಿ ಕೊಟ್ಟು ಒಳಗೆ ಹೋದರು. ಆಯಿ ಚೀಟಿ ನೋಡಿದಳು, ನನ್ನನ್ನು ನೋಡಿದಳು.

“ನೀನ ಏನು ಮದಲಗಿತ್ತಿ?”

“ಹೌದ್ರಿ.”

“ಹೆಸರೇನು?”

“ಅನ್ನಪೂರ್ಣಾ ಅಂತ ಇಡೋರು ಅದಾರ್ರಿ.”

“ಇಡೋರು ಇಡ್ಲಿ ತಂಗಿ. ಈಗ ಏನದ?”

“ಶೋಭಾ.”

“ಹಾಂ,” ಎಂದಳು. ಮತ್ತೆ ತಲೆ ಬಗ್ಗಿಸಿ ಟಿಕ್ ಟಿಕ್ ಶುರುಮಾಡಿದಳು. ಅಷ್ಟೇ ಮಾತು.

ಗಂಡನ ಮನೆಗೆ ಬಂದ ಮೂರನೆಯ ದಿನ ಹಿತ್ತಲಲ್ಲಿ ಮುಸುರೆ ತಿಕ್ಕಲು ಕುಳಿತೆ. ಕಣ್ಣಲ್ಲಿ ನೀರು ನಿಂತಿತ್ತು, ಸುಳ್ಳು ಯಾಕೆ ಹೇಳಲಿ. ತವರಿನಿಂದ ತಂದ ಚರಗಿಯನ್ನು ಬೋರಲು ಹಾಕಿ ಬೂದಿ ಹಚ್ಚಿದೆ. ತಳದಲ್ಲಿ, ಅಂಚಿಗೆ ಹೊಂದಿಕೊಂಡು, ಅಕ್ಕಿಕಾಳಿನಷ್ಟು ಅಕ್ಷರಗಳಲ್ಲಿ ಏನೋ ಹೊಳೆಯಿತು. ಬೆರಳಿನಿಂದ ಬೂದಿ ಒರೆಸಿದೆ. ‘ಶೋಭಾ’. ಅದರ ಮುಂದೆ ಮೂರು ಚುಕ್ಕೆ, ಜೋಳದ ತೆನೆಯ ತುದಿಯಂತೆ. ಅವಸರದಿಂದ ಉಳಿದ ಪಾತ್ರೆಗಳನ್ನೂ ಬೋರಲು ಹಾಕಿದೆ. ಎಲ್ಲವುಗಳ ಹೊಟ್ಟೆಯ ಮೇಲೆ ಗಂಡನ ಹೆಸರು ಠೀವಿಯಿಂದ ನಿಂತಿತ್ತು. ಎಲ್ಲವುಗಳ ತಳದಲ್ಲಿ ನಾನಿದ್ದೆ.

ಒಳಗಿನಿಂದ ಅತ್ತೆ ಕೂಗಿದರು: “ಅನ್ನಪೂರ್ಣಾ, ಆತೇನವಾ?”

“ಆತ್ರಿ ಅತ್ತಿ, ಬಂದೆ,” ಎಂದೆ. ಆವತ್ತು ಮೊದಲ ಸಲ ಆ ಹೆಸರಿಗೆ ಸರಿಯಾಗಿ ಓಗೊಟ್ಟೆ. ಒಂದು ಹೆಸರು ತನ್ನ ಜಾಗದಲ್ಲಿ ಭದ್ರವಾಗಿದೆಯೆಂದು ಗೊತ್ತಾದ ಮೇಲೆ ಇನ್ನೊಂದಕ್ಕೆ ಓಗೊಡುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಆಮೇಲೆ ಏನಾದರೂ ನೆವ ಮಾಡಿ ಬಜಾರಿಗೆ ಹೋದಾಗೆಲ್ಲ ಆಯಿಯ ಮೆಟ್ಟಿಲ ಬಳಿ ನಿಲ್ಲತೊಡಗಿದೆ. ನಾನು ಮೊದಲ ದಿನ ಮೆಲ್ಲಗೆ “ನೋಡೀನ್ರಿ” ಎಂದಾಗ ಆಕೆ ಸುತ್ತಿಗೆಯನ್ನು ತುಟಿಗೆ ಒತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು. “ಸಾವಕಾರ್ರಿಗಿ ಗೊತ್ತಾದ್ರ ನನ್ನ ಮೆಟ್ಟಲ ಹೋಯ್ತು ನೋಡು, ಕಾನ್ವೆಂಟವ್ವಾ.” ನಾನು ಕಾನ್ವೆಂಟಿನಲ್ಲಿ ಓದಿದ್ದು ಬೀಗರ ಮಾತಿನಲ್ಲಿ ಆಕೆಯ ಕಿವಿಗೆ ಬಿದ್ದಿತ್ತು. ಅಂದಿನಿಂದ ನಾನು ಆಕೆಗೆ ಕಾನ್ವೆಂಟವ್ವ. ಅದು ನನ್ನ ಮೂರನೆಯ ಹೆಸರು.

ಆ ಮೆಟ್ಟಿಲೆಂದರೆ ಆಕೆಗೆ ಮನೆಗಿಂತ ಹೆಚ್ಚು. ಮೊದಲು ಅಲ್ಲಿ ಕೂಡುತ್ತಿದ್ದವನು ಆಕೆಯ ಗಂಡ. ಲಕ್ವಾ ಹೊಡೆದು ಅವನ ಬಲಗೈ ಬಿದ್ದಿತು. ಮೂರನೆಯ ತರಗತಿ ಓದಿದ್ದ ಹೆಂಡತಿಯನ್ನು ಪಕ್ಕಕ್ಕೆ ಕೂಡಿಸಿಕೊಂಡು ಕೆಲಸ ಕಲಿಸತೊಡಗಿದ. ಆದರೆ ಪಾತ್ರೆಯ ಮುಖದ ಮೇಲೆ ಕೈಯಿಡಲು ಬಿಡಲಿಲ್ಲ. ಅಕ್ಷರ ಸೊಟ್ಟ ಬಂದರೆ ಗಿರಾಕಿಗಳು ಬಯ್ಯುತ್ತಾರೆ. “ಬುಡದಾಗ ಕಲಿ,” ಎಂದನಂತೆ. “ಬುಡ ಯಾರು ನೋಡತಾರ?”

“ಯಾರು ನೋಡತಾರ ಅಂತ ವಿಚಾರ ಮಾಡಿದೆ, ಕಾನ್ವೆಂಟವ್ವಾ,” ಎಂದು ಆಯಿ ಒಮ್ಮೆ ಹೇಳಿದಳು. “ತಿಕ್ಕೋರು ನೋಡತಾರ. ಹಂಗಾರ ತಿಕ್ಕೋರ ಹೆಸರ ಬರದು ಕಲೀಬೇಕು ಅಂದೆ. ಓಣ್ಯಾಗಿನ ಹೆಣ್ಮಕ್ಕಳ ಹೆಸರು ಒಂದೊಂದ ಬರಕೋತ ಹೋದೆ. ಒಂದ ದಿನ ಒಬ್ಬಾಕಿ ತಿರುಗಿ ಬಂದ್ಲು. ನನ್ನ ಎದಿ ಧಸಕ್ಕಂತು, ಜಗಳಾಡಾಕ ಬಂದಾಳ ಅಂತ. ಆಕಿ ಸೆರಗಿನ ಬುಡಕಿಂದ ಇನ್ನೊಂದು ವಾಟಗಾ ತಗದು, ಇದಕ್ಕೂ ಹಾಕು ಅಂದ್ಲು.”

ಅಲ್ಲಿಂದ ಅದೇ ಆಕೆಯ ಕ್ರಮವಾಯಿತು. ಮೇಲೆ ಚೀಟಿಯಲ್ಲಿದ್ದ ಹೆಸರು, ತಳದಲ್ಲಿ ತಿಕ್ಕುವವರ ಹೆಸರು. ಅದೂ ತವರಿನವರು ಇಟ್ಟದ್ದು. ತಳದ ಹೆಸರಿಗೆ ಮಾತ್ರ ಕೊನೆಯಲ್ಲಿ ಮೂರು ಚುಕ್ಕೆ. ಅದು ಯಾರ ಗುರುತೆಂದು ಕೇಳಿದರೆ, “ಗಿಳಿ ಕಚ್ಚಿದ್ದು,” ಎಂದು ನಗುತ್ತಿದ್ದಳು.

ಹೆಸರು ಕೇಳುವುದರಲ್ಲಿ ಆಕೆಯನ್ನು ಮೀರಿಸುವವರಿರಲಿಲ್ಲ. ಬುರಖಾ ಹಾಕಿಕೊಂಡವರು ಬಂದರೆ “ನಾಮ್ ಕ್ಯಾ ಬೋಲೋ ಬೇಟೀ,” ಗುರುಮಠಕಲ್ ಕಡೆಯವರಾದರೆ “ಪೇರೇಂದಮ್ಮಾ,” ನಮ್ಮಂಥವರಿಗೆ “ತವರಮನ್ಯಾಗ ಏನಂತಿದ್ರು?” ಉರ್ದು ಆಕೆಗೆ ಓದಲು ಬರುತ್ತಿರಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟರೆ, ರಂಗೋಲಿ ನೋಡಿ ಹಾಕಿದ ಹಾಗೆ ಬಲದಿಂದ ಎಡಕ್ಕೆ ಒಂದು ಚುಕ್ಕೆಯೂ ತಪ್ಪದೆ ಇಳಿಸುತ್ತಿದ್ದಳು. ಆಕೆ ಯಾವ ಜಾತಿ, ಯಾವ ಮನೆತನ ಎಂದು ಬಜಾರಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: “ಭಾಂಡೆದೋರು.”

ಗಂಡನ ಹೆಸರು ಬಾಯಲ್ಲಿ ಹೇಳದ ಹೆಂಗಸರು ಬಂದಾಗ ತಮಾಷೆ. ಚೀಟಿ ಮರೆತು ಬಂದಿರುತ್ತಾರೆ, ಹೇಳೆಂದರೆ ಹೇಳುವುದಿಲ್ಲ. ಆಯಿ ಸುತ್ತಿಗೆ ಕೆಳಗಿಟ್ಟು ಕೈಕಟ್ಟಿ ಕುಳಿತುಬಿಡುತ್ತಿದ್ದಳು: “ಒಡಪು ಹಾಕಿ ಹೇಳು, ಇಲ್ಲಂದ್ರ ಹಂಗ ಒಯ್ಯಿ.” ಒಮ್ಮೆ ಒಬ್ಬಾಕೆ ನಾಚಿ ನಾಚಿ, ಕೊನೆಗೆ ಸೆರಗು ಬಾಯಿಗಿಟ್ಟುಕೊಂಡು ಹಾಡಿದಳು:

“ಶಾಪುರದ ಬಜಾರದಾಗ ಹಸಿರು ಗಾಜಿನ ಬಳಿ,
ಶಿವರಾಯರ ಹೆಸರು ಬರಿ ಆಯಿ, ಗೆರಿ ನೆಟ್ಟಗ ಎಳಿ!”

ಎದುರಿನ ಬಟ್ಟೆ ಅಂಗಡಿಯವರು ಚಪ್ಪಾಳೆ ಹೊಡೆದರು. ಆಯಿ ಅಷ್ಟಕ್ಕೇ ಬಿಡಲಿಲ್ಲ. “ಶಿವರಾಯ ಆತು. ಈಗ ಶಿವರಾಯನ ಭಾಂಡೆ ತಿಕ್ಕೂ ರಾಣಿ ಹೆಸರೇನು?”

ಆಧಾರ್ ಕಾರ್ಡು ಮಾಡಿಸಲು ಹೋದಾಗಿನದು ಇನ್ನೂ ಚೆಂದ. ಕಂಪ್ಯೂಟರಿನವನು ತಲೆಯೆತ್ತದೆ “ಹೆಸರು?” ಎಂದನಂತೆ. ಈಕೆ ರೂಢಿಯ ಮೇಲೆ, “ಮ್ಯಾಲಿಂದ ಬೇಕೋ ಬುಡದ್ದು ಬೇಕೋ?” ಎಂದಳಂತೆ. ಆತ ಸ್ವಲ್ಪ ಹೊತ್ತು ಯೋಚಿಸಿ, “ಎರಡೂ ಹೇಳ್ರಿ,” ಎಂದನಂತೆ. ಕಾರ್ಡಿನಲ್ಲಿ ಏನು ಬಂತೆಂದು ಕೇಳಿದರೆ ತೋರಿಸಲಿಲ್ಲ. “ಫೋಟೋದಾಗ ನಾ ಕಳ್ಳಿ ಕಂಡಂಗ ಕಾಣತೀನಿ,” ಎಂದು ಚೀಲದಲ್ಲಿ ತುರುಕಿಕೊಂಡಳು.

ಕೆಲ ವರ್ಷಗಳ ಮೇಲೆ ಅಂಗಡಿಯ ಸಾವಕಾರ್ರು ಕರೆಂಟಿನ ಮಷೀನು ತಂದರು. ಪೆನ್ನಿನಂತೆ ಹಿಡಿದರೆ ಗುಂಯ್ಯೆಂದು ತಾನೇ ಕೊರೆಯುತ್ತದೆ. ಆಯಿ ಅದನ್ನು ‘ಸೊಳ್ಳಿ’ ಎಂದು ಕರೆದಳು. ಅವಸರದ ಗಿರಾಕಿಗೆ ಸೊಳ್ಳೆ, ತಳದ ಹೆಸರಿಗೆ ಉಳಿ. “ಸೊಳ್ಳಿ ಬರದದ್ದು ಎಲ್ಲಾರದೂ ಒಂದ ನಮೂನಿ ಬರ್ತದ. ಮಂದಿ ಒಂದ ನಮೂನಿ ಇರ್ತಾರೇನು?” ಎನ್ನುತ್ತಿದ್ದಳು. ನಿಜಕ್ಕೂ ಆಕೆ ಬರೆದ ಹೆಸರುಗಳು ಒಂದರಂತೆ ಒಂದು ಇರುತ್ತಿರಲಿಲ್ಲ. ಜೋರಾಗಿ ಮಾತಾಡುವವರ ಹೆಸರು ಅಗಲವಾಗಿ ಬರುತ್ತಿತ್ತು. ನನ್ನ ‘ಶೋಭಾ’ ಎರಡೂ ಕೈ ಮಡಚಿ ಬೆಂಚಿನ ತುದಿಗೆ ಕುಳಿತ ಹುಡುಗಿಯಂತಿದೆ. ಈಗಲೂ ನೋಡಿದರೆ ನಗು ಬರುತ್ತದೆ. ಒಂದು ನಿಮಿಷದ ಮಾತಿನಲ್ಲಿ ಆಕೆ ಅಷ್ಟನ್ನು ಹೇಗೆ ಕಂಡಳೋ!

ಇಷ್ಟೆಲ್ಲ ವರ್ಷ ಗುಟ್ಟಾಗಿ ನಡೆದದ್ದು ಹಿಟ್ಟು ನಾದುವ ಒಂದು ಪರಾತಿನಿಂದ ಬಯಲಾಯಿತು.

ನಮ್ಮ ಕಡೆ ಮದುವೆಗೆ ಆಯೇರಿ ಎಂದು ಪಾತ್ರೆ ಕೊಡುತ್ತಾರಲ್ಲ, ಹೆಸರು ಹಾಕಿಸದ ಪಾತ್ರೆಯಾದರೆ ಅದು ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ. ಇವರು ಅವರಿಗೆ, ಅವರು ಇನ್ನೊಬ್ಬರಿಗೆ ಎಂದು ಮದುವೆಯಿಂದ ಮದುವೆಗೆ ತಿರುಗುತ್ತ ಹೋಗುತ್ತದೆ. ಅದಕ್ಕೇ ಜಾಣ ಹೆಂಗಸರು ಒಂದೆರಡು ಪಾತ್ರೆಗಳನ್ನು ಹೆಸರಿಲ್ಲದೆ ಇಟ್ಟುಕೊಂಡಿರುತ್ತಾರೆ. ನಮ್ಮ ಅಟ್ಟದ ಮೇಲೂ ಎರಡಿವೆ. ಹಾಗೆ ತಿರುಗಬೇಕಾದ ಪಾತ್ರೆಯ ತಳಕ್ಕೂ ಹೆಸರು ಹಾಕಿಬಿಟ್ಟದ್ದು ಆಯಿಯ ತಪ್ಪು.

ಅಂದು ಮಧ್ಯಾಹ್ನ ನಾನೂ ನಮ್ಮ ಅತ್ತೆಯೂ ಅಂಗಡಿಯಲ್ಲಿದ್ದೆವು. ಅತ್ತೆಯ ಅಣ್ಣನ ಮೊಮ್ಮಗಳಿಗೆ ಒಂದು ಕೊಡ ಕೊಳ್ಳಬೇಕಿತ್ತು. ಆಯಿ ಮೆಟ್ಟಿಲ ಮೇಲೆ ತನ್ನ ಪಾಡಿಗೆ ಟಿಕ್‌ಟಿಕ್ ಎನ್ನುತ್ತಿದ್ದಳು. ಇಪ್ಪತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ದಡದಡ ಮೆಟ್ಟಿಲು ಹತ್ತಿ ಬಂದು, ಚೀಲದಿಂದ ದೊಡ್ಡ ಪರಾತ ತೆಗೆದು ಸಾವಕಾರ್ರ ಮುಂದೆ ಕುಕ್ಕಿದಳು. ಜಾಗಟೆ ಹೊಡೆದಂತಾಯಿತು. ಹಿಂದೆ ಅವಳ ಅಣ್ಣ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ.

“ಸಾವಕಾರ್ರ, ಯಾರ್ರೀ ಈ ಸರೋಜಾ?”

“ಯಾವ ಸರೋಜಾ ತಂಗಿ?”

“ಅದನ್ನ ಕೇಳಾಕ ಬಂದೀನಿ ನಾ! ನಾವು ಭೀಮರಾಯನಗುಡಿ ಕ್ಯಾಂಪಿನಾಗ ಇರ್ತೀವಿ. ನಮ್ಮ ಮನಿಯವರು, ಆಫೀಸಿನ ದೋಸ್ತ ಕೊಟ್ಟಾನ ಅಂತ ಈ ಪರಾತ ತಂದ್ರು. ತಿಕ್ಕಾಕ ಬೋರಲ ಹಾಕಿದ್ರ, ಬುಡಕ ಸರೋಜಾ ಅಂತ ಅದ! ಕೇಳಿದ್ರ ನನಗ ಗೊತ್ತಿಲ್ಲ ಅಂತಾರ. ದೋಸ್ತನ ಹೇಣತಿ ಹೆಸರು ಸುಜಾತಾ. ಹಂಗಾರ ಈ ಸರೋಜಾ ಯಾಕಿ? ಹದಿನೈದು ದಿನ ಆತು, ನಾ ಗುರುಮಠಕಲ್ದಾಗ ತವರಮನ್ಯಾಗ ಕುಂತೀನಿ.”

“ಪರಾತಿಗಿ ನಿಮ್ಮ ಅಂಗಡಿ ಚೀಟಿ ಅಂಟ್ಯಾದ್ರಿ,” ಎಂದ ಅಣ್ಣ, ಕ್ಷಮೆ ಕೇಳುವ ದನಿಯಲ್ಲಿ. “ಎಷ್ಟು ಕೆತ್ತಿದ್ರೂ ಹೋಗವಲ್ದು. ಅದಕ್ಕ ಇಲ್ಲಿ ತನಕ ಬಂದೀವಿ.”

ಸಾವಕಾರ್ರು ಪರಾತ ತಿರುವಿದರು. ಸರೋಜಾ. ಮುಂದೆ ಮೂರು ಚುಕ್ಕೆ. ಅವರು ಮೆಲ್ಲಗೆ ಮೆಟ್ಟಿಲ ಕಡೆ ಕತ್ತು ಹೊರಳಿಸಿದರು. ಟಿಕ್‌ಟಿಕ್ ನಿಂತಿತ್ತು.

ಆಯಿ ಎದ್ದು ಬಂದು ಪರಾತ ಇಸಿದುಕೊಂಡು, ಕನ್ನಡಕದ ದಾರ ಸರಿಮಾಡಿ ನೋಡಿದಳು. “ಓ, ಇದು ಹಳೀ ಪೋಸ್ಟಿನ ಓಣಿ ಸರೋಜಾಂದು. ನಾಕು ಮೊಮ್ಮಕ್ಕಳ ಆಯಿ ಆಕಿ, ತಂಗಿ. ಬಾಯಾಗ ಹಲ್ಲಿಲ್ಲ. ನಿನ್ನ ಗಂಡ ಆಕಿನ್ನ ನೋಡಿದ್ರ ಕಾಲಿಗಿ ಬೀಳತಾನ. ಆಯೇರಿ ಮಾಡತೀನಿ, ಹೆಸರು ಬ್ಯಾಡ ಅಂದಿದ್ಲು. ಮ್ಯಾಲ ಬ್ಯಾಡ ಅಂದ್ಲು, ಬುಡಕ ಬ್ಯಾಡ ಅಂದಿದ್ದಿಲ್ಲ.”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆ ಹೆಣ್ಣುಮಗಳಿಗೆ ಮಾತ್ರ ನಗು ಬರುವ ಬದಲು ಅಳು ಬಂತು. ಹದಿನೈದು ದಿನದ ಅಳು. ಅದನ್ನು ಕಂಡು ಆಯಿಯ ಮುಖವೂ ಇಳಿಯಿತು. “ನನ್ನ ತಪ್ಪದ ತಂಗಿ,” ಎಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

ಸಾವಕಾರ್ರ ಸಿಟ್ಟು ಇಳಿಯಲಿಲ್ಲ. “ಯಾರ ಹೇಳಿದ್ರು ನಿನಗ ಬುಡಕ ಬರಿ ಅಂತ? ಎಷ್ಟು ಮನಿ ಭಾಂಡೆದಾಗ ಹಿಂಗ ಮಾಡೀದಿ? ನಾಳೆ ಇನ್ನೆಷ್ಟು ಮಂದಿ ಗಂಡ-ಹೇಣತಿ ಜಗಳಾಡಿ ನನ್ನ ಅಂಗಡಿಗಿ ಬರಬೇಕು?”

ಆಯಿ ಪರಾತವನ್ನು ಸಾವಕಾರ್ರ ಮುಂದಿಟ್ಟು ಮೆಟ್ಟಿಲಿಗೆ ಮರಳಿದಳು.

“ಒಬ್ಬರ ಹೆಸರು ಹೇಳು. ಒಬ್ಬರರೆ ಬಾಯಿ ಬಿಟ್ಟು ಬರಿ ಅಂತ ಹೇಳಿದ್ದರ ಬಿಡ್ತೀನಿ. ಇಲ್ಲಂದ್ರ ನಾಳಿಂದ ಮೆಟ್ಟಲ ಮ್ಯಾಲ ಕುಂದ್ರಬ್ಯಾಡ.”

ಊರಿನ ಅರ್ಧ ಹೆಂಗಸರ ಹೆಸರು ಆಕೆಯ ಬೆರಳ ತುದಿಯಲ್ಲಿದ್ದವು. ಒಂದು ಹೇಳಿದರೆ ಸಾಕಿತ್ತು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಆದರೆ ನನ್ನ ಪಕ್ಕದಲ್ಲಿ ನಮ್ಮ ಅತ್ತೆ ಇದ್ದರು. ಆಯಿ ನನ್ನ ಕಡೆ ಕಣ್ಣೆತ್ತಿ ಸಹ ನೋಡಲಿಲ್ಲ. ನೆಲದ ಮೇಲಿದ್ದ ತನ್ನ ಸುತ್ತಿಗೆ, ಉಳಿಗಳನ್ನು ಒಂದೊಂದಾಗಿ ಗೋಣಿಚೀಲದಲ್ಲಿ ಸುತ್ತತೊಡಗಿದಳು. ಆಕೆ ಯಾವಾಗಲೂ ಹೇಳುತ್ತಿದ್ದ ಮಾತು ನನಗೆ ನೆನಪಾಯಿತು: “ಈ ಮೆಟ್ಟಲ ಇರೂತನಕ ನಾ ಟಿಕ್‌ಟಿಕ್ ಆಯಿ. ಇಳದ್ರ ಯಾವುದೋ ಒಂದು ಮುದುಕಿ.”

ನನಗೆ ಏನಾಯಿತೋ, ಕೈಯೆತ್ತಿಬಿಟ್ಟೆ. ತರಗತಿಯಲ್ಲಿ ಸಿಸ್ಟರ್ ಕೇಳಿದ ಪ್ರಶ್ನೆಗೆ ಎತ್ತಿದ ಹಾಗೆ, ನೆಟ್ಟಗೆ, ಬೆರಳು ಜೋಡಿಸಿ. ಮಾತು ಮಾತ್ರ ಹೊರಡಲಿಲ್ಲ. ಅತ್ತೆ ನನ್ನ ಎತ್ತಿದ ಕೈಯನ್ನು ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

“ನೀ ಸುಮ್ಕಿರು,” ಎಂದರು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಮುಂದೆ ಹೋದರು. “ನಾ ಹೇಳೀನ್ರಿ ಸಾವಕಾರ್ರ. ನನ್ನ ಕೊಡದ ಬುಡಕ ನನ್ನ ತವರಮನಿ ಹೆಸರು ಬರಿ ಅಂತ ನಾನ ಹೇಳೀನಿ. ಏನಾತು ಈಗ? ಕೊಡ ಸೋರಾಕತ್ತೇದೇನು?”

ಸಾವಕಾರ್ರಿಗೆ ನಮ್ಮ ಅತ್ತೆಯೆಂದರೆ ಮರ್ಯಾದೆ. ಅವರು ತಡವರಿಸುವಷ್ಟರಲ್ಲಿ, ಮೂಲೆಯಲ್ಲಿ ದೇಗಡಿ ಬಡಿದು ನೋಡುತ್ತಿದ್ದ ಬುರಖಾದ ಹೆಂಗಸು ತಲೆಯೆತ್ತದೆಯೇ, “ಮೈ ಭೀ ಬೋಲೀ ಥೀ, ಸೇಠ್,” ಎಂದಳು, ತಾನೂ ಹೇಳಿದ್ದೆನೆಂದು. ಇನ್ನೊಬ್ಬಾಕೆ, “ನಾನೂ ಹೇಳೀನ್ರಿ,” ಎಂದಳು. ಯಾರು ನಿಜವಾಗಿ ಹೇಳಿದ್ದರು, ಯಾರು ಆ ಕ್ಷಣಕ್ಕೆ ಹೇಳಿದರು, ದೇವರಿಗೇ ಗೊತ್ತು. ನನ್ನ ಕೈ ಮತ್ತೆ ಮೇಲೇರಿತ್ತು. ಈ ಸಲ ದನಿಯೂ ಬಂತು: “ನಂದೂ ಅದ್ರಿ.”

ಸಾವಕಾರ್ರು ಕುರ್ಚಿಯಲ್ಲಿ ಕುಳಿತರು. ಅವರ ಊಟದ ಡಬ್ಬಿ ಪಕ್ಕದಲ್ಲೇ ಇತ್ತು. ಅದನ್ನು ಕೈಗೆತ್ತಿಕೊಂಡು ತಿರುವಿ ತಳ ನೋಡಿದರು. ಮತ್ತೆ ನೆಟ್ಟಗೆ ಇಟ್ಟರು. ಅಲ್ಲಿ ಏನಿತ್ತೆಂದು ನಾವು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

“ಇನ್ಮ್ಯಾಲ ಕೇಳಿ ಬರಿ,” ಎಂದರು ಕೊನೆಗೆ, ಗೋಡೆಯ ಕಡೆ ನೋಡುತ್ತ.

“ಕೇಳತೀನ್ರಿ.” ಆಯಿ ಗೋಣಿಚೀಲ ಬಿಚ್ಚಿ ಮತ್ತೆ ಹಾಸಿದಳು.

ಕ್ಯಾಂಪಿನ ಹೆಣ್ಣುಮಗಳು ಕಣ್ಣೊರೆಸಿಕೊಂಡು, “ಮದಲ ಈ ಸರೋಜಾನ್ನ ಅಳಸ್ರಿ,” ಎಂದಳು.

“ಸ್ಟೀಲಿನ ಮ್ಯಾಲಿಂದು ಅಳಸಾಕ ಬರಂಗಿಲ್ಲ ತಂಗಿ. ಮಗ್ಗಲಕ ಜಾಗ ಅದ. ಕೇಳಿ ಬರಿ ಅಂದಾರ, ಕೇಳಾಕತ್ತೀನಿ. ಬರೀಲೇನು? ಹೆಸರೇನು?”

ಅವಳು ಅಣ್ಣನ ಮುಖ ನೋಡಿದಳು, ಪರಾತ ನೋಡಿದಳು. “ಅನುರಾಧಾ,” ಎಂದಳು. ಆಮೇಲೆ ಬಗ್ಗಿ, ಆಯಿಯ ಕಿವಿಯ ಹತ್ತಿರ: “ಸರೋಜಾಕಿಂತ ಜರಾ ದೊಡ್ಡದ ಬರೀರಿ.”

ಮನೆಗೆ ನಡೆದು ಬರುವಾಗ ನಮ್ಮ ಅತ್ತೆ ಓಣಿಯ ತಿರುವಿನಲ್ಲಿ, “ಸುಳ್ಳ ಹೇಳಿಬಿಟ್ಟೆ ನೋಡು ಈ ವಯಸ್ಸಿನಾಗ,” ಎಂದರು.

“ಅಂದ್ರ ಕೊಡದ ಬುಡಕ ಏನೂ ಇಲ್ಲೇನ್ರಿ?”

“ಎಲ್ಲಿಂದ ಬರಬೇಕು? ನನ್ನ ಮದುವಿಯಾಗ ಮೆಟ್ಟಲ ಮ್ಯಾಲ ಆಕಿ ಇದ್ದಿದ್ದಿಲ್ಲ, ಆಕಿ ಗಂಡ ಇದ್ದ.”

“ಮತ್ತ ನನ್ನ ಚರಗಿದು ನಿಮಗ ಹೆಂಗ ಗೊತ್ತಾತ್ರಿ?”

ಅತ್ತೆ ನಿಂತು ನನ್ನನ್ನು ನೋಡಿದರು. “ನೀ ಹಡಿಯಾಕ ಯಾದಗಿರಿಗಿ ಹೋದಾಗ ಆ ಭಾಂಡೆ ಯಾರು ತಿಕ್ಕ್ಯಾರ? ನಿಮ್ಮ ಮಾವ ತಿಕ್ಕ್ಯಾರೇನು?”

ಮರುದಿನ ಬೆಳಿಗ್ಗೆ ಅವರು ತಮ್ಮ ಹಳೆಯ ತಾಮ್ರದ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸೊಂಟದ ಮೇಲಿಟ್ಟುಕೊಂಡು, ನನ್ನನ್ನೂ ಕರೆದುಕೊಂಡು ಬಜಾರಿಗೆ ನಡೆದರು. ಕೊಡವನ್ನು ಆಯಿಯ ಮುಂದಿಟ್ಟು, “ನಿನ್ನಿ ಹೇಳಿದ್ದು ಇವತ್ತು ಖರೇ ಮಾಡು,” ಎಂದರು. “ತಾರಾಬಾಯಿ.”

ಐವತ್ತು ವರ್ಷದ ಹತ್ತಿರ ನಮ್ಮ ಮನೆಯಲ್ಲಿ ಮಹಾದೇವಿಯಾಗಿದ್ದವರು ಅವರು. ಆಯಿ ತುಸು ಹೊತ್ತು ಅವರ ಮುಖವನ್ನೇ ನೋಡಿ, ಉಳಿ ಇಟ್ಟಳು. ತಾಮ್ರ ಮೆತ್ತಗೆ, ದನಿ ಬೇರೆಯೇ ಬರುತ್ತದೆ, ಟಿಕ್ ಅಲ್ಲ, ಟುಕ್. ಮುಗಿದ ಮೇಲೆ ಅತ್ತೆ ತಳದ ಮೇಲೆ ಬೆರಳಾಡಿಸಿ, “ಇಷ್ಟ ಸಣ್ಣ ಹೆಸರಿತ್ತೇನು ನಂದು?” ಎಂದರು. ಆಮೇಲೆ ಯಾರೋ ಬೈದಂತೆ ಮುಖ ಗಂಟಿಕ್ಕಿಕೊಂಡು ಬಿರಬಿರನೆ ಮನೆಯ ದಾರಿ ಹಿಡಿದರು. ಕೊಡ ನಾನೇ ಹೊತ್ತು ತರಬೇಕಾಯಿತು.

ಆಯಿ ಮುಂದೆ ಎಂಟು ವರ್ಷ ಆ ಮೆಟ್ಟಿಲ ಮೇಲೆ ಕುಳಿತಳು. ಕೇಳಿ ಬರೆಯುವ ಕಾಯಿದೆ ಬಂದದ್ದರಿಂದ ಒಂದು ತೊಂದರೆಯಾಯಿತು: ಬೇಡ ಎನ್ನುವವರೇ ಇಲ್ಲವಾದರು. ಗೋಣಿಚೀಲದ ಜಾಗಕ್ಕೆ ಸಾವಕಾರ್ರು ಒಂದು ಗಾದಿ ಹಾಕಿಸಿದರು. ಆಕೆ ಅದರ ಮೇಲೂ ಗೋಣಿಚೀಲ ಹಾಸಿಕೊಂಡೇ ಕುಳಿತಳು.

ಕಣ್ಣು ಮಂಜಾದಾಗ ತಾನೇ ಬಿಟ್ಟಳು. ಬಳಿಚಕ್ರಕ್ಕೆ ತಂಗಿಯ ಮನೆಗೆ ಹೊರಡುವ ಮುನ್ನಾದಿನ ನನ್ನನ್ನು ಕರೆಸಿದಳು. ಮೆಟ್ಟಿಲ ಮೇಲೆ ಆಕೆಯ ಎರಡು ಚರಗಿಗಳಿದ್ದವು. ಎರಡನ್ನೂ ತಿರುವಿ ತೋರಿಸಿದಳು. ತಳ ಬೋಳಾಗಿತ್ತು.

“ಇಷ್ಟ ದಿನ ಬೇಕಾಗಿದ್ದಿಲ್ಲ. ನನ್ನ ಭಾಂಡೆ ನಾನ ತಿಕ್ಕತಿದ್ದೆ. ಅಲ್ಲಿ ತಂಗಿ ಸೊಸೆಂದ್ರು ತಿಕ್ಕತಾರ. ಇದು ಯಾರದು ಅಂತ ಅವರಿಗಿ ತಿಳೀಬೇಕಲ್ಲ? ನೀ ಬರಿ.”

“ನನಗ ಬರಂಗಿಲ್ರಿ ಆಯಿ!”

“ಬುಡದಾಗ ಕಲಿ. ನಾ ಹಂಗ ಕಲತೀನಿ.”

ಆಕೆ ಹೆಸರು ಹೇಳಿದಳು. ಒಂದೇ ಸಲ, ಮೆಲ್ಲಗೆ, ಬಜಾರಿನ ಕಡೆ ಬೆನ್ನು ಮಾಡಿ. ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ದುಂಡಗೆ ಬರೆದು ಬಹುಮಾನ ಪಡೆದ ನನ್ನ ಕೈ ಸ್ಟೀಲಿನ ಮೇಲೆ ಜಾರಿತು. ಮೊದಲ ಚರಗಿಯ ತಳದಲ್ಲಿ ಅಕ್ಷರಗಳು ಬಸ್ಸಿಗೆ ನಿಂತ ಮಂದಿಯಂತೆ ಒಂದರ ಮೇಲೊಂದು ಬಿದ್ದವು. ಎರಡನೆಯದರಲ್ಲಿ ಸ್ವಲ್ಪ ನೆಟ್ಟಗೆ ನಿಂತವು. ಆಯಿ ಎರಡನ್ನೂ ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದಳು. ಉಳಿ ಇಸಿದುಕೊಂಡು, ತಾನೇ ಮೂರು ಚುಕ್ಕೆ ಹಾಕಿದಳು. ಮೊದಲನೆಯದಕ್ಕೆ ಹಾಕುವಾಗ ಲೆಕ್ಕ ತಪ್ಪಿ ನಾಲ್ಕು ಬಿದ್ದವು.

“ಒಂದು ಹೆಚ್ಚಾತು. ಇರ್ಲಿ, ಅದು ನಿಂದು,” ಎಂದು ನಕ್ಕಳು. “ಸೊಟ್ಟ ಬಂದದ್ದು ನೀ ಇಟ್ಕೋ ಕಾನ್ವೆಂಟವ್ವಾ. ಛಲೋ ಬಂದದ್ದು ನಾ ಒಯ್ತೀನಿ.”

ಆ ಸೊಟ್ಟ ಹೆಸರಿನ ಚರಗಿ ಈಗ ನಮ್ಮ ಮನೆಯಲ್ಲಿದೆ. ಕುಡಿಯುವ ನೀರಿಗೆ ದಿನಾ ಅದನ್ನೇ ಬಳಸುತ್ತೇವೆ. ಹೊರಗೆ ಏನೂ ಬರೆದಿಲ್ಲ. ಇಷ್ಟೆಲ್ಲ ಬರೆದವಳು ಆಕೆಯ ಹೆಸರೊಂದನ್ನು ಯಾಕೆ ಬರೆಯಲಿಲ್ಲ ಎಂದು ನಿಮಗನ್ನಿಸಿದರೆ ತಪ್ಪಿಲ್ಲ. ಆದರೆ ಕಾಗದವೂ ಪಾತ್ರೆಯ ಹೊಟ್ಟೆಯ ಹಾಗೆ, ಎಲ್ಲರ ಕಣ್ಣಿಗೂ ಬೀಳುವ ಜಾಗ. ಆಕೆಯ ಹೆಸರು ಅಲ್ಲಿಯದಲ್ಲ.

ನೋಡಲೇಬೇಕೆಂದರೆ ಒಮ್ಮೆ ಶಹಾಪುರಕ್ಕೆ ಬರ್ರಿ. ಕೂತು ಊಟ ಮಾಡ್ರಿ, ಆ ಚರಗಿಯಲ್ಲೇ ನೀರು ಕುಡಿಯಿರಿ. ಆಮೇಲೆ ಹಿತ್ತಲಿಗೆ ಹೋಗಿ ನೀವೇ ತಿಕ್ಕಬೇಕು.